ಒತ್ತಿಗೆ ಬ್ಯಾರೆ ರೊಕ್ಕ

ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡ ಹತ್ತಿದವರು ಇಳಿಯುವಾಗ ಹಳದಿಯಾಗಿರುತ್ತಾರೆ. ಮನೆಗೆ ಹೋಗಿ ಮೈ ತೊಳೆದರೆ ಭಂಡಾರ ಹೋಗುತ್ತದೆ. ತೊಳೆದರೂ ಹೋಗದ್ದು ಬೇಕೆನ್ನುವವರಿಗಾಗಿ ಬಳೆ ಅಂಗಡಿಗಳ ಸಾಲಿನ ಕೊನೆಯಲ್ಲಿ, ಬ್ಯಾಟರಿಗೆ ವೈರು ಸಿಕ್ಕಿಸಿಕೊಂಡು ಹಚ್ಚೆಯವನು ಕೂತಿರುತ್ತಾನೆ. ಅವನ ಮುಂದಿನ ರಟ್ಟಿನ ಮೇಲೆ ಚೇಳು, ಗುಲಾಬಿ, ತ್ರಿಶೂಲ, ಬಾಣ ನಟ್ಟ ಹೃದಯ. ಚಿತ್ರಕ್ಕೆ ಒಂದು ದರ, ಹೆಸರಿಗೆ ಅಕ್ಷರದ ಲೆಕ್ಕ.

ಬೈಲಹೊಂಗಲ ಕಡೆಯ ಹುಡುಗನೊಬ್ಬ ಅಂಗಿ ತೋಳು ಮೇಲೇರಿಸಿ ಕೂತ. "ಸಂಗೊಳ್ಳಿ ರಾಯಣ್ಣ ಅಂತ ಬರೀರಿ."

ಹಚ್ಚೆಯವ ಬೆರಳು ಮಡಚಿದ. "ಎಂಟ ಅಕ್ಷರ."

"ಆರ ಅದಾವ್ರಿ. ಸಂ, ಗೊ, ಳ್ಳಿ, ರಾ, ಯ, ಣ್ಣ."

"ಳ್ಳಿ ಒಳಗ ಒಂದ ಒತ್ತು, ಣ್ಣ ಒಳಗ ಒಂದ ಒತ್ತು. ಒತ್ತಿಗೆ ಬ್ಯಾರೆ ರೊಕ್ಕ. ಸೊನ್ನಿ ಪುಕ್ಕಟೆ."

ಪಕ್ಕದಲ್ಲಿ ನಿಂತು ಇದನ್ನು ಕೇಳಿಸಿಕೊಂಡ ಪ್ರಬಂಧಕಾರ ಕಾಲೇಜಿನಲ್ಲಿ ಕೇಶಿರಾಜನ ವ್ಯಾಕರಣ ಓದಿದವನು. ಸಂಯುಕ್ತಾಕ್ಷರದ ಬಗ್ಗೆ ಎರಡು ಮಾತು ಹೇಳಿ ಹುಡುಗನ ದುಡ್ಡು ಉಳಿಸಬೇಕೆಂದು ಬಾಯಿ ತೆರೆದ. ಸೂಜಿ ಗುಂಯ್‌ಗುಟ್ಟಿದ್ದು ಕೇಳಿ ಮುಚ್ಚಿದ.

ಹೆಸರು ಉದ್ದವಾದರೆ ಕತ್ತರಿಸಿಕೊಳ್ಳುವುದು ರೈಲ್ವೆಯವರ ಉಪಾಯ. ಬೆಂಗಳೂರಿನ ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿಟ್ಟರು. ಟಿಕೆಟಿನ ಮೇಲೆ ಅದು ಕೆಎಸ್‌ಆರ್ ಆಯಿತು. ನಿಲ್ದಾಣದ ಸಂಕೇತಾಕ್ಷರ ಇಂದಿಗೂ ಎಸ್‌ಬಿಸಿ. ಚರ್ಮದ ಮೇಲೆ ಈ ಉಪಾಯ ನಡೆಯುವುದಿಲ್ಲ. ಕೆಎಸ್‌ಆರ್ ಎಂದು ಕೊರೆಸಿಕೊಂಡವನನ್ನು ನೋಡಿದವರು ಸಾರಿಗೆ ಸಂಸ್ಥೆಯ ಕಂಡಕ್ಟರು ಎಂದುಕೊಂಡಾರು. ಕಿತ್ತೂರು ರಾಣಿಯ ಭಕ್ತರಿಗೆ ಕಷ್ಟ ಇನ್ನೊಂದು ಬಗೆಯದು. ಚನ್ನಮ್ಮನೋ ಚೆನ್ನಮ್ಮನೋ? ಬೆಳಗಾವಿಯ ವಿಶ್ವವಿದ್ಯಾಲಯದ ಬೋರ್ಡು ಒಂದು ಹೇಳಿದರೆ ಬೇರೆ ಬೋರ್ಡುಗಳು ಇನ್ನೊಂದು ಹೇಳುತ್ತವೆ. ಬೋರ್ಡಿಗಾದರೆ ಬಣ್ಣ ಬಳಿದು ತಿದ್ದಬಹುದು.

ಇನ್ನು ಮುಖ. ಬೈಲಹೊಂಗಲ, ಕಿತ್ತೂರಿನ ಹುಡುಗರ ರಟ್ಟೆ, ಎದೆಗಳ ಮೇಲೆ ಏರುವ ರಾಯಣ್ಣನಿಗೆ ಹುರಿಮೀಸೆ, ಕೆಂಪು ರುಮಾಲು, ಕೈಯಲ್ಲಿ ಕತ್ತಿ, ಗುರಾಣಿ. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಪ್ಯಾರಿಸ್ಸಿನಲ್ಲಿ ಡಾಗೆರ್ ತನ್ನ ಛಾಯಾಚಿತ್ರ ವಿಧಾನವನ್ನು ಲೋಕಕ್ಕೆ ಸಾರಿದ್ದು 1839ರಲ್ಲಿ. ನಡುವೆ ಎಂಟು ವರ್ಷದ ಅಂತರ. ಆದ್ದರಿಂದ ರಾಯಣ್ಣನ ಫೋಟೊ ಇರುವ ಸಂಭವವೇ ಇಲ್ಲ. ಇರುವುದು ಕ್ಯಾಲೆಂಡರು ಬರೆದವರ, ಶಿಲ್ಪ ಕಡೆದವರ, ಸಿನೆಮಾ ತೆಗೆದವರ ರಾಯಣ್ಣ. 2012ರಲ್ಲಿ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರ ಬಂದ ಮೇಲೆ ಎಷ್ಟೋ ರಟ್ಟೆಗಳ ಮೇಲಿನ ರಾಯಣ್ಣ ನಾಯಕನಟ ದರ್ಶನ್ ಅವರನ್ನೇ ಹೋಲತೊಡಗಿದ. ಇದರಲ್ಲಿ ತಪ್ಪೇನೂ ಇಲ್ಲ. 1961ರಿಂದ ಕಿತ್ತೂರು ರಾಣಿಗೂ ಬಿ. ಸರೋಜಾದೇವಿಯವರ ಕಣ್ಣುಗಳೇ ಇದ್ದವಲ್ಲ.

ಈ ಸೀಮೆಯ ಹುಡುಗರಿಗೆ ಹಚ್ಚೆಯಷ್ಟೇ ದೊಡ್ಡ ಇನ್ನೊಂದು ಹುಚ್ಚು ಭರ್ತಿಯದು. ಭರ್ತಿ ಎಂದರೆ ಸೈನ್ಯ. ಬೇರೆ ಭರ್ತಿ ಇಲ್ಲಿಲ್ಲ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಕಿತ್ತೂರಿನಲ್ಲಿ 1969ರಿಂದ ಹೆಣ್ಣುಮಕ್ಕಳಿಗೇ ಒಂದು ಸೈನಿಕ ಶಾಲೆಯಿದೆ. ಬೆಳಕು ಹರಿಯುವ ಮೊದಲು ಬೈಲಹೊಂಗಲದ ರಸ್ತೆಗಳಲ್ಲಿ 1.6 ಕಿಲೋಮೀಟರಿನ ತಾಲೀಮು ಓಡುವವರ ಉಸಿರು ಕೇಳಿಸುತ್ತದೆ. ಓಟದಲ್ಲಿ ಗೆದ್ದು, ಎದೆ ಅಳತೆಯಲ್ಲಿ ಗೆದ್ದು, ಕೊನೆಗೆ ಅಂಗಿ ಬಿಚ್ಚಿ ನಿಂತಾಗ ವೈದ್ಯರಿಗೆ ಎದೆಯ ಮೇಲೆ ಕತ್ತಿ ಹಿರಿದ ರಾಯಣ್ಣ ಕಾಣಿಸುತ್ತಾನೆ.

ಅಲ್ಲಿಗೆ ಮುಗಿಯಿತು. ಸೈನ್ಯದ ನಿಯಮ ಹಚ್ಚೆಗೆ ದೇಹದಲ್ಲಿ ಎರಡೇ ಜಾಗ ಕೊಟ್ಟಿದೆ: ಮುಂಗೈಯ ಒಳಮೈ, ಅಂದರೆ ಮೊಣಕೈ ಮಡಿಕೆಯಿಂದ ಮಣಿಕಟ್ಟಿನವರೆಗೆ, ಮತ್ತು ಅಂಗೈಯ ಹಿಂಬದಿ. ಬೇರೆಲ್ಲಿದ್ದರೂ ಅನರ್ಹ. ಸಂಪ್ರದಾಯದಂತೆ ಹಚ್ಚೆ ಹಾಕಿಸಿಕೊಳ್ಳುವ ಬುಡಕಟ್ಟುಗಳಿಗೆ ಮಾತ್ರ ವಿನಾಯಿತಿ. ದೇಶಕ್ಕಾಗಿ ಪ್ರಾಣ ಕೊಡುತ್ತೇನೆಂದು ಎದೆಯ ಮೇಲೆ ಬರೆಸಿಕೊಂಡವನಿಗೆ, ಬರೆಸಿಕೊಂಡ ಕಾರಣಕ್ಕೇ ಆ ಅವಕಾಶ ತಪ್ಪುತ್ತದೆ. ಇಂಥವರು ಆಮೇಲೆ ಲೇಸರಿನವರ ಬಾಗಿಲು ಬಡಿಯುತ್ತಾರೆ. ಕಂಪನಿ ಸರಕಾರ ಹಗ್ಗ ಹಾಕಿ ಒಂದೇ ದಿನದಲ್ಲಿ ಮುಗಿಸಿದ್ದನ್ನು ಲೇಸರು ತಿಂಗಳುಗಟ್ಟಲೆ, ಕಂತುಕಂತಾಗಿ ಮಾಡುತ್ತದೆ. ಮೊದಲು ಕತ್ತಿ ಮಾಸುತ್ತದೆ, ಆಮೇಲೆ ರುಮಾಲು. ಮೀಸೆ ಮಾತ್ರ ಬಹಳ ದಿನ ಉಳಿಯುತ್ತದೆ. ಅಲ್ಲಿ ಮಸಿ ದಟ್ಟ.

ಈ ನಿಯಮ ಓದಿದ ದಿನ ಪ್ರಬಂಧಕಾರನಿಗೆ ನೆನಪಾದದ್ದು ತನ್ನ ಅಜ್ಜಿ. ರಾಮದುರ್ಗ ಕಡೆಯ ಹಳ್ಳಿಯ ಆಕೆಯ ಕೈಯ ಹಚ್ಚೆಯೆಲ್ಲ ಇದ್ದದ್ದು ಸೈನ್ಯ ಹೇಳಿದ ಜಾಗದಲ್ಲೇ. ಮುಂಗೈಯ ಒಳಮೈಗೆ ತುಳಸಿಕಟ್ಟೆ ಮತ್ತು ತೊಟ್ಟಿಲು, ಅಂಗೈಯ ಹಿಂಬದಿಗೆ ಚುಕ್ಕಿಗಳ ಸಾಲು. ಅವಳ ಕಾಲದಲ್ಲಿ ಹಚ್ಚೆ ಹಾಕುತ್ತಿದ್ದವರು ಊರೂರು ತಿರುಗುವ ಕೊರವಿಯರು. ದೀಪದ ಕಾಡಿಗೆ, ಸೊಪ್ಪಿನ ರಸ, ಒಂದು ಹಿಡಿ ಸೂಜಿ, ನೋವು ಮರೆಸಲು ಒಂದು ಹಾಡು. ಸತ್ತಾಗ ಬಂಗಾರ ಸೊಸೆ ಬಿಚ್ಚಿಕೊಳ್ಳುತ್ತಾಳೆ, ಹಚ್ಚಿ ಅಷ್ಟೇ ಸಂಗಡ ಬರತೈತಿ ಎಂದು ಅಜ್ಜಿ ಹೇಳುತ್ತಿದ್ದಳು. ಗಂಡನ ಹೆಸರನ್ನು ಆಕೆ ಬಾಯಲ್ಲಿ ಒಮ್ಮೆಯೂ ಹೇಳಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದಾಗ ಕೈ ಮುಂದೆ ಚಾಚುತ್ತಿದ್ದಳು. ಅಲ್ಲಿ ಬರೆದಿತ್ತು, ಒತ್ತು ತಪ್ಪಿಸಿ. ಹೀಗೆ ಎಲ್ಲ ರೀತಿಯಲ್ಲೂ ಯೋಗ್ಯಳಾದ ಅಜ್ಜಿಯನ್ನು ಸೈನ್ಯ ಎರಡೇ ಎರಡು ಚುಕ್ಕಿಗಳಿಗಾಗಿ ತಿರಸ್ಕರಿಸಬೇಕಾಗುತ್ತಿತ್ತು: ಹಣೆಯದೊಂದು, ಗದ್ದದ್ದೊಂದು.

ಕೊರವಿಯ ಸೂಜಿ ಹೋಗಿ ಯಂತ್ರ ಬಂದದ್ದಕ್ಕೂ ಒಂದು ಕಥೆಯಿದೆ. ಕಾಗದದಲ್ಲಿ ತೂತು ಕೊರೆದು ಪ್ರತಿ ತೆಗೆಯಲೆಂದು ಎಡಿಸನ್ ವಿದ್ಯುತ್ ಪೆನ್ನು ಮಾಡಿದ. ಕಚೇರಿಗಳಲ್ಲಿ ಅದು ಬಹಳ ಕಾಲ ನಡೆಯಲಿಲ್ಲ. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ ಅದೇ ತತ್ವವನ್ನು ಚರ್ಮಕ್ಕೆ ತಿರುಗಿಸಿ 1891ರಲ್ಲಿ ಪೇಟೆಂಟ್ ಪಡೆದ. ಕಾರಕೂನರಿಗಾಗಿ ಹುಟ್ಟಿದ ಪೆನ್ನಿನ ಮೊಮ್ಮಗ ಎಲ್ಲಮ್ಮನ ಗುಡ್ಡದಲ್ಲಿ ಒತ್ತಕ್ಷರದ ಲೆಕ್ಕ ಕೇಳುತ್ತಿದೆ.

ರಟ್ಟಿನ ಮೇಲಿನ ನಮೂನೆಗಳಲ್ಲಿ ಒಂದು ಬಂದೂಕೂ ಇತ್ತು. ಯಾವ ದೇಶದ್ದೆಂದು ಹೇಳಲಾಗದಂಥ ಬಂದೂಕು, ಕುದುರೆ ಇರಬೇಕಾದಲ್ಲಿ ಗುಲಾಬಿಯ ಎಲೆ. ಅಮೆರಿಕದಲ್ಲಿ ಬಂದೂಕಿನ ಹಕ್ಕನ್ನು ಮೈಮೇಲೆ ಬರೆಸಿಕೊಳ್ಳುವವರ ಒಂದು ಪಂಗಡವೇ ಇದೆ. ಅವರ ಸಂವಿಧಾನದ ಎರಡನೇ ತಿದ್ದುಪಡಿ ಜಾರಿಗೆ ಬಂದ 1791ನ್ನು ಬರೆಸುತ್ತಾರೆ. ಇಲ್ಲವೇ ಆಯುಧ ಕೆಳಗಿಡು ಎಂದ ಪರ್ಷಿಯದ ದೊರೆಗೆ, ಬಂದು ತಗೊಂಡು ಹೋಗು ಎಂದು ಸ್ಪಾರ್ಟಾದ ಲಿಯೊನಿಡಾಸ್ ಕೊಟ್ಟನೆನ್ನುವ ಉತ್ತರವನ್ನು ಗ್ರೀಕ್ ಲಿಪಿಯಲ್ಲೇ ಕೊರೆಸುತ್ತಾರೆ. ಅಷ್ಟು ದೂರ ಹೋಗಬೇಕಿರಲಿಲ್ಲ. ರಾಮದುರ್ಗದಾಚೆ, ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರಿಗೆ 1857ರಲ್ಲಿ ಕಂಪನಿ ಸರಕಾರ ಹತಾರ ಒಪ್ಪಿಸಿ ಎಂದಾಗ ಅವರು ಕೊಟ್ಟದ್ದು ಅದೇ ಉತ್ತರ. ಆ ನವೆಂಬರಿನಲ್ಲಿ ಊರಿಗೆ ಬೆಂಕಿ ಬಿತ್ತು, ಸಿಕ್ಕವರಿಗೆ ಗಲ್ಲಾಯಿತು. ಅವರು ಅದನ್ನು ಚರ್ಮದ ಮೇಲೆ ಬರೆಸಲಿಲ್ಲ. ಜನ ಲಾವಣಿ ಕಟ್ಟಿದರು. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಅದನ್ನು ಬರೆದಿಟ್ಟುಕೊಂಡ.

ಕಿತ್ತೂರಿನಲ್ಲೂ ಕೊನೆಯ ಮಾತು ಬಂದೂಕಿನದೇ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಬಿದ್ದದ್ದು ಅಮಟೂರು ಬಾಳಪ್ಪನ ಗುಂಡಿಗೆ ಎಂದು ಈ ಸೀಮೆಯ ಮಕ್ಕಳಿಗೂ ಗೊತ್ತು. ಆ ಥ್ಯಾಕರೆ ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯ ಚಿಕ್ಕಪ್ಪ. ಆದರೂ ಬಾಳಪ್ಪ ರಟ್ಟೆ ಏರಿದ್ದು ಪ್ರಬಂಧಕಾರನ ಕಣ್ಣಿಗೆ ಬಿದ್ದಿಲ್ಲ. ಕತ್ತಿಗೆ ಇರುವ ಅಂದ ಬಂದೂಕಿಗಿಲ್ಲ. ಕತ್ತಿ ಹಿರಿದರೆ ಮೀಸೆಗೂ ಒಂದು ಕಳೆ. ಹಕ್ಕಿನ ಮಾತಿಗೆ ಬಂದರೆ, ಅದು ಕೊಡಗಿನಲ್ಲಿದೆ. ಕೊಡವರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ 2029ರವರೆಗೆ ವಿಸ್ತರಿಸಿದೆ. ಅವರು ಕೈಲ್‌ಪೊಳ್ದ್ ಹಬ್ಬದಲ್ಲಿ ಬಂದೂಕಿಗೆ ಹೂ ಮುಡಿಸಿ ಪೂಜಿಸುತ್ತಾರೆ. ಬೈಲಹೊಂಗಲದವನು 1959ರ ಶಸ್ತ್ರ ಕಾಯಿದೆಯಂತೆ ಅರ್ಜಿ ಹಾಕಬೇಕು. ರಟ್ಟಿನ ಮೇಲಿನ ಬಂದೂಕಿಗೆ ಅರ್ಜಿ ಬೇಡ.

ರಾಯಣ್ಣನ ಜಯಂತಿ ಆಗಸ್ಟ್ 15ಕ್ಕೆ. ಹುಟ್ಟಿದ್ದು ಸ್ವಾತಂತ್ರ್ಯದ ದಿನ, ತೀರಿಕೊಂಡದ್ದು ಗಣರಾಜ್ಯದ ದಿನ ಎಂದು ಭಾಷಣಕಾರರು ಬಿಡದೆ ಹೇಳುತ್ತಾರೆ. ಅಂಥ ದಿನ ರಕ್ತದಾನ ಶಿಬಿರವೂ ಇರುತ್ತದೆ. ಜಯಂತಿಗೆಂದು ಹೊಸ ಹಚ್ಚೆ ಹಾಕಿಸಿಕೊಂಡವನು ಸಾಲಿನಲ್ಲಿ ಮೊದಲು ನಿಂತಿರುತ್ತಾನೆ. ಹಚ್ಚೆಯಾಗಿ ಹನ್ನೆರಡು ತಿಂಗಳು ರಕ್ತ ಕೊಡುವಂತಿಲ್ಲ ಎಂಬ ನಿಯಮ ತೋರಿಸಿ ಅವನನ್ನು ವಾಪಸು ಕಳಿಸುತ್ತಾರೆ. ರಕ್ತ ಕೊಟ್ಟೇವು ಎಂದು ತೋಳಿನ ಮೇಲೆ ಬರೆಸಿಕೊಂಡು ಬಾಳೆಹಣ್ಣನ್ನೂ ತಿನ್ನದೆ ಮನೆಗೆ.

ಇತ್ತ ಗುಡ್ಡದಲ್ಲಿ ಹುಡುಗನ ಗೆಳೆಯ ಓಡಿ ಬಂದ. "ಲೇ, ರಟ್ಟಿಮ್ಯಾಲ ಬ್ಯಾಡೋ, ಭರ್ತಿಗೆ ನಡ್ಯಾಂಗಿಲ್ಲ!"

ಹುಡುಗ ಅಂಗಿ ಇಳಿಸಿ, ಮುಂಗೈಯ ಒಳಮೈ ಮೇಲೆ ಮಾಡಿ ಚಾಚಿದ. ಹದಿನೇಳು ಹದಿನೆಂಟರ ತೆಳ್ಳಗಿನ ಕೈ. ಹಚ್ಚೆಯವ ಪೆನ್ನಿನಿಂದ ಗುರುತು ಹಾಕಿಕೊಂಡು ಮಣಿಕಟ್ಟಿನವರೆಗೆ ಅಳೆದು ತಲೆಯಾಡಿಸಿದ.

"ಇಷ್ಟ ಜಾಗಾದಾಗ ಎಂಟ ಅಕ್ಷರ ಹಿಡ್ಯಾಂಗಿಲ್ಲ ತಮ್ಮಾ. ಸಂಗೊಳ್ಳಿ ಬಿಡ್ಲೊ, ರಾಯಣ್ಣ ಬಿಡ್ಲೊ?"

ಹುಡುಗ ಗೆಳೆಯನ ಮುಖ ನೋಡಿದ, ಪ್ರಬಂಧಕಾರನ ಮುಖ ನೋಡಿದ, ಬಹಳ ಹೊತ್ತು ಯೋಚಿಸಿದ.

"ಸೊನ್ನಿ ತಗೀರಿ" ಎಂದ.