ಸುಣ್ಣ ಆದೀತು, ಸಿಂಪಿ ಆಗದೋ?

ಮೈಸೂರಿನ ಗೋಕುಲಂನಲ್ಲಿ, ಯೋಗ ಕಲಿಯಲು ಬಂದ ವಿದೇಶಿಯರು ಬಾಡಿಗೆ ಸ್ಕೂಟರ್ ಹತ್ತಿ ಓಡಾಡುವ ಬೀದಿಯಲ್ಲಿ, ಒಂದು ‘ಫ್ರೆಶ್ ಆಯ್‌ಸ್ಟರ್ ಬಾರ್’ ಬಾಗಿಲು ತೆರೆದಿದೆ ಎಂದಿಟ್ಟುಕೊಳ್ಳಿ. ಬೋರ್ಡಿನ ಕೆಳಗೆ ‘ಕ್ಯಾಶುವಲ್ ಡೈನಿಂಗ್’ ಅಂತ ಬರೆದಿದೆ. ಅಂದರೆ ಕುರ್ಚಿಗೆ ಬೆನ್ನಿಲ್ಲ, ಬಿಲ್ಲಿಗೆ ಲಂಗುಲಗಾಮಿಲ್ಲ. ಮಂಗಳೂರಿನ ಸಮುದ್ರವೇ ಇಲ್ಲಿಂದ ಸುಮಾರು 250 ಕಿಲೋಮೀಟರ್ ದೂರ, ಕುಮಟಾ ಇನ್ನೂ ಆಚೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಐಸಿನ ಗುಡ್ಡೆಯ ಮೇಲೆ ಅಂಗಾತ ಮಲಗಿದ್ದ ಕುಮಟಾ ಮೂಲದ ಸಿಂಪಿಯೊಂದು, ಅಡುಗೆಯವರು ಬರುವುದರೊಳಗೆ ನಮ್ಮ ಪತ್ರಿಕೆಗೆ ಬಿಡುವು ಮಾಡಿಕೊಂಡಿತು.

ನಾವು: ನಮಸ್ಕಾರ. ತಮ್ಮನ್ನು ಶ್ರೀಮಾನ್ ಅನ್ನೋಣವೋ, ಶ್ರೀಮತಿ ಅನ್ನೋಣವೋ?

ಸಿಂಪಿ: ಯಾವ ವರ್ಷದ ಲೆಕ್ಕ ಬೇಕು ಹೇಳಿ ಮಾರಾಯ್ರೆ. ನಮ್ಮಲ್ಲಿ ಹೆಚ್ಚಿನವರು ಗಂಡಾಗಿ ಬಾಳು ಶುರುಮಾಡಿ, ಮೈಕೈ ತುಂಬಿಕೊಂಡ ಮೇಲೆ ಹೆಣ್ಣಾಗ್ತೇವೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ, ನೋಟರಿಯ ಅಫಿಡವಿಟ್ಟೂ ಬೇಡ. ಬರೀ ಸಿಂಪಿ ಅನ್ನಿ, ಸಾಕು. ಕಾರವಾರದ ಕೊಂಕಣಿಗರಿಗೆ ನಾನು ಕಲ್ವಾ. ವಿಜ್ಞಾನಿಗಳು ಬಹುಕಾಲ ‘ಕ್ರಾಸೋಸ್ಟ್ರಿಯಾ ಮದ್ರಾಸೆನ್ಸಿಸ್’ ಅಂತ ಕರೆದರು. ಅರಬ್ಬೀ ಸಮುದ್ರದ ಮಗ್ಗುಲಲ್ಲಿ ಹುಟ್ಟಿದ ನನಗೆ ಮದ್ರಾಸಿನ ಹೆಸರು! ಮೈಸೂರು ಪಾಕು ತಮಿಳುನಾಡಿನದಂತೆ ಅಂತ ಸುದ್ದಿ ಹಬ್ಬಿದಾಗ ನಿಮಗೆ ಹೇಗಾಗಿತ್ತು? ಹಾಗೆ.

ನಾವು: ಅಘನಾಶಿನಿ ಅಳಿವೆಯಿಂದ ಬಂದಿರಂತೆ. ಊರ ಕಡೆ ಏನು ಸುದ್ದಿ?

ಸಿಂಪಿ: ಶಿರಸಿ ಕಡೆ ಹುಟ್ಟಿ, ಯಾವ ದೊಡ್ಡ ಅಣೆಕಟ್ಟಿನ ಕೈಗೂ ಸಿಗದೆ ಸಮುದ್ರ ಸೇರುವ ಹೊಳೆ ಅದು. ಇಳಿತದ ಹೊತ್ತಿಗೆ ಹೆಂಗಸರು ಸೀರೆ ಮೇಲೆ ಕಟ್ಟಿ ನೀರಿಗಿಳೀತಾರೆ, ಕೆಸರು ತಡವಿ ಬಳಚು ತೆಗೀತಾರೆ. ನಾನು ಬಳಚಿನ ಹಾಗೆ ಕೆಸರಲ್ಲಿ ಹೂತು ಕೂರುವ ಜಾತಿಯಲ್ಲ. ಹುಟ್ಟಿದ ಎರಡು ಮೂರು ವಾರ ನೀರಲ್ಲಿ ಅಲೀತೇನೆ, ಆಮೇಲೆ ಒಂದು ಬಂಡೆಯನ್ನೋ ಹಳೇ ಚಿಪ್ಪನ್ನೋ ನೋಡಿ ಎಡಚಿಪ್ಪು ಅಂಟಿಸಿದೆ ಅಂದರೆ ಮುಗೀತು, ಸಾಯೋ ತನಕ ಅದೇ ವಿಳಾಸ. ನನಗೆ ವರ್ಗಾವಣೆ ಆಗಿದ್ದು ಇದೇ ಮೊದಲು. 2024ರಲ್ಲಿ ನಮ್ಮ ಅಳಿವೆಗೆ ರಾಮ್ಸಾರ್ ತಾಣದ ಪಟ್ಟ ಬಂತು. ಬೋರ್ಡು ದಡದ ಮೇಲೆ, ನಾವು ನೀರಿನ ಒಳಗೆ. ಓದಿಕೊಳ್ಳೋರು ಯಾರು?

ನಾವು: ಪಕ್ಕದ ಶರಾವತಿಯಲ್ಲೂ ತಮ್ಮ ನೆಂಟರಿದ್ದಾರಲ್ಲವೇ?

ಸಿಂಪಿ: ಇದ್ದರು ಅನ್ನಿ. ನಮಗೆ ಬೇಕಾದ್ದು ಸಿಹಿಯೂ ಅಲ್ಲದ ಉಪ್ಪೂ ಅಲ್ಲದ ಸವಳು ನೀರು. ಮಳೆಗಾಲದಲ್ಲಿ ಸಿಹಿನೀರು ಬರೋದು, ಬೇಸಿಗೆಯಲ್ಲಿ ಸಮುದ್ರದ ಉಪ್ಪು ಏರೋದು, ಇದು ನಮ್ಮ ಪಂಚಾಂಗ. ಶರಾವತಿಗೆ ಲಿಂಗನಮಕ್ಕಿ ಕಟ್ಟಿದ್ದೇ, ವಿದ್ಯುದಾಗಾರದಿಂದ ವರ್ಷ ಪೂರ್ತಿ ಸಿಹಿನೀರು ಇಳಿದು ಬರೋಕೆ ಶುರುವಾಯಿತು. ಅಳಿವೆ ಸಪ್ಪೆಯಾಯಿತು, ಬಳಚು-ಸಿಂಪಿ ಬಳಗ ಸೊರಗಿತು. ದಸರಾದಲ್ಲಿ ನಿಮ್ಮ ಅರಮನೆಗೆ ಲಕ್ಷದ ಹತ್ತಿರ ಬಲ್ಬು ಹಚ್ಚಿ ಜನ ‘ಆಹಾ’ ಅಂತಾರಲ್ಲ, ನಮ್ಮ ಕಡೆ ಅದೇ ಹೊತ್ತಿಗೆ ಒಂದು ‘ಅಯ್ಯೋ’ ಕೇಳಿಸುತ್ತೆ. ನಿಮಗೆ ಬ್ಯಾಂಡ್‌ಸೆಟ್ ಗದ್ದಲದಲ್ಲಿ ಕೇಳಿಸಲಿಕ್ಕಿಲ್ಲ.

ನಾವು: ವಿಷಯಕ್ಕೆ ಬರೋಣ. ಇಲ್ಲಿ ಎಲ್ಲಿ ನೋಡಿದರೂ ‘ಫ್ರೆಶ್, ಫ್ರೆಶ್’ ಅಂತ ಬರೆದಿದ್ದಾರೆ. ತಾವು ನಿಜವಾಗಿ ಫ್ರೆಶ್ಶೋ?

ಸಿಂಪಿ: ಕಾಯಿಪಲ್ಯದಲ್ಲಿ ಫ್ರೆಶ್ ಅಂದರೆ ನಿನ್ನೆ ಕಿತ್ತದ್ದು. ಮೀನಲ್ಲಿ ಅಂದರೆ ಕಣ್ಣು ಮಸುಕಾಗದೆ ಕಿವಿರು ಕೆಂಪಗಿರೋದು. ನನ್ನ ವಿಷಯದಲ್ಲಿ ಫ್ರೆಶ್ ಅಂದರೆ ಜೀವಂತ. ಹಸಿಯಾಗಿ ತಿನ್ನೋರ ತಟ್ಟೆಗೆ ನಾನು ಬದುಕಿದ್ದೇ ಹೋಗಬೇಕು. ಪರೀಕ್ಷೆ ಬಹಳ ಸುಲಭ. ಬಾಯಿ ತೆರೆದುಕೊಂಡು ಬಿದ್ದಿದ್ದೇನಾ? ಚಿಪ್ಪಿನ ಮೇಲೆ ಟಕ್ ಅಂತ ತಟ್ಟಿ. ಮುಚ್ಚಿಕೊಂಡರೆ ಬದುಕಿದ್ದೇನೆ ಅಂತ ಅರ್ಥ, ಚಾಕು ತನ್ನಿ. ತಟ್ಟಿದರೂ ಬಾಯಿ ತೆರೆದೇ ಇದ್ದರೆ ಕಸದ ಬುಟ್ಟಿ. ಈಗ ನಿಮ್ಮ ಹತ್ತಿರ ಬಾಯಿ ಬಿಟ್ಟಿದ್ದೇ ನನ್ನ ಧೈರ್ಯ ಅಂತ ಬರ್ಕೊಳ್ಳಿ.

ನಾವು: ಬರ್ಕೊಂಡೆ. ಆದರೂ ಸ್ವಾಮಿ, ನಮ್ಮದು ಸಂಪ್ರದಾಯದ ಊರು. ಸಿಂಪಿ ತಿನ್ನೋದು ಅಂದರೆ ಅಗ್ರಹಾರದ ಕಡೆ ಮೂಗು ಮುರೀತಾರೆ.

ಸಿಂಪಿ: ಮೂಗು ಮುರೀಲಿ, ಬಾಯಿ ಏನು ಮಾಡ್ತಿದೆ ಅಂತ ನೋಡಿ. ಚಿಕ್ಕ ಗಡಿಯಾರದ ಕಡೆಯಿಂದ ದೇವರಾಜ ಮಾರುಕಟ್ಟೆ ಹೊಕ್ಕು ವೀಳ್ಯದೆಲೆಯವರ ಮುಂದೆ ಒಂದು ಗಳಿಗೆ ನಿಂತ್ಕೊಳ್ಳಿ. ಎಳೇ ಎಲೆ ಆರಿಸಿ, ತೊಟ್ಟು ಮುರಿದು, ತುದಿ ಚಿವುಟಿ, ಪಂಚೆಗೆ ಒರೆಸಿ, ಎಲೆಯ ಬೆನ್ನು ಮೇಲೆ ಮಾಡಿ ತೋರುಬೆರಳಲ್ಲಿ ಸುಣ್ಣ ಸವರೋ ಹಿರಿಯರು ಕಾಣ್ತಾರೆ. ಆ ಬಿಳೀದು ಏನು ಅಂದುಕೊಂಡಿದ್ದೀರಿ? ಕಲ್ಲುಸುಣ್ಣವೂ ಇದೆ, ಒಪ್ಪಿದೆ. ಆದರೆ ಎಲೆಯಡಿಕೆಯ ರುಚಿ ಬಲ್ಲವರು ಕೇಳೋದು ಚಿಪ್ಪಿನ ಸುಣ್ಣವನ್ನೇ. ನಮ್ಮ ಬಳಗದ ಖಾಲಿ ಚಿಪ್ಪನ್ನೆಲ್ಲ ರಾಶಿ ಹಾಕಿ, ಇದ್ದಿಲಿನ ಜತೆ ಪದರ ಪದರವಾಗಿ ಗೂಡಿಗೆ ತುಂಬಿ ಬೆಂಕಿ ಇಡ್ತಾರೆ. ಸುಟ್ಟ ಚಿಪ್ಪು ನೋಡೋಕೆ ಮೊದಲಿನಂತೇ ಇರುತ್ತೆ, ಕೈಗೆ ಎತ್ತಿಕೊಂಡರೆ ಹಗುರ. ಅದರ ಮೇಲೆ ನೀರು ಚಿಮುಕಿಸಬೇಕು. ಸುಯ್ ಅಂತ ಹಬೆ ಏಳುತ್ತೆ, ಚಿಪ್ಪು ಬಿರಿಯುತ್ತೆ, ಕಣ್ಣೆದುರಿಗೇ ಬೆಳ್ಳಗೆ ಹಿಟ್ಟಾಗಿ ಉದುರುತ್ತೆ. ಒಲೆ ಆರಿದ ಮೇಲೂ ನೀರು ತಾಗಿದ್ದೇ ತಡ ಕುದಿಯೋ ಬಿಸಿ ಅದಕ್ಕೆ. ಅದನ್ನು ಸೋಸಿ ಕಲಸಿ ಡಬ್ಬಿಗೆ ತುಂಬಿದರೆ ಮದುವೆ ಊಟದ ಮೇಲಿನ ತಾಂಬೂಲಕ್ಕೂ ಆಯಿತು, ಮಡಿಯುಟ್ಟು ಉಂಡ ಅಜ್ಜಿಯ ಎಲೆಚೀಲಕ್ಕೂ ಆಯಿತು. ಮೈಸೂರು ವೀಳ್ಯದೆಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಕೊಟ್ಟಿರಿ. ಅದರ ಬೆನ್ನ ಮೇಲೆ ಕೂತು ಬಾಯಿಗೆ ಹೋದವರ ಗುರುತು ಯಾರು ಕೇಳ್ತಾರೆ?

ನಾವು: ಅದು ಸುಟ್ಟದ್ದು. ಅಗ್ನಿ ಮುಟ್ಟಿತು ಅಂದರೆ ಶುದ್ಧ ಅನ್ನುತ್ತಾರೆ.

ಸಿಂಪಿ: ಹಾಗಾದರೆ ಮಂಡಿ ಮೊಹಲ್ಲಾದ ಹನುಮಂತು ಪಲಾವಿಗೂ ಬೆಂಕಿ ಮುಟ್ಟಿಯೇ ಇರುತ್ತೆ, ಅಲ್ಲೂ ಒಂದು ಪಂಕ್ತಿ ಕೂರಲಿ! ಸುಣ್ಣ ಒಂದೇ ಅಂದ್ಕೋಬೇಡಿ. ಮೂಳೆ ಸವೆದಿದೆ ಅಂತ ಡಾಕ್ಟರು ಬರ್ಕೊಡೋ ಕ್ಯಾಲ್ಸಿಯಂ ಮಾತ್ರೆಯ ಹಾಳೆಯನ್ನು ತಿರುವಿ, ಸಣ್ಣಕ್ಷರ ಓದಿ. ಕೆಲವು ಕಂಪನಿಯವರು ‘ಸಿಂಪಿಚಿಪ್ಪಿನಿಂದ’ ಅಂತ ಹೆಮ್ಮೆಯಿಂದ ಅಚ್ಚು ಹಾಕಿಸಿರ್ತಾರೆ. ಆಯುರ್ವೇದದ ಅಂಗಡಿಗೆ ಹೋದರೆ ಶುಕ್ತಿ ಭಸ್ಮ ಅಂತ ಸಂಸ್ಕೃತದಲ್ಲಿ ಮರ್ಯಾದೆ ಕೊಟ್ಟು ಇಟ್ಟಿರ್ತಾರೆ. ಸುಟ್ಟು ಬಂದರೂ ಸೈ, ಅರೆದು ಬಂದರೂ ಸೈ, ಮಾತ್ರೆಯಾಗಿ ಬಂದರೂ ಸೈ. ನಾನು ನಾನಾಗಿ ಬಂದರೆ ಮಾತ್ರ ಮಾಂಸಾಹಾರ.

ನಾವು: ಮುತ್ತಿನ ವಿಚಾರ…

ಸಿಂಪಿ: ಬಂತಲ್ಲ! ನಿನ್ನೆ ಸರಸ್ವತಿಪುರಂನಿಂದ ಬಂದಿದ್ದ ಒಂದು ಸಂಸಾರ ತಟ್ಟೆಯಲ್ಲಿದ್ದ ಆರನ್ನೂ ಚಮಚದಲ್ಲಿ ಕೆದಕಿ ಕೆದಕಿ ನೋಡಿತು. ಸ್ವಾತಿ ಮಳೆ ಹನಿ ಬಾಯಿಗೆ ಬಿದ್ದರೆ ಮುತ್ತಾಗುತ್ತೆ ಅಂತ ನಿಮ್ಮ ಕವಿಗಳು ಹೇಳಿಬಿಟ್ಟಿದ್ದಾರೆ, ಅನುಭವಿಸೋರು ನಾವು. ಮುತ್ತು ಕಟ್ಟೋ ಸಿಂಪಿಯ ಮನೆತನವೇ ಬೇರೆ. ತೂತ್ತುಕುಡಿಯಲ್ಲಿ 1973ರಲ್ಲಿ ಕೃಷಿ ಮುತ್ತು ತೆಗೆದರಲ್ಲ, ಅವು ಆ ಕುಲದವು. ನನ್ನೊಳಗೆ ಅಪ್ಪಿತಪ್ಪಿ ಕಲ್ಲು ಕಟ್ಟಿದರೂ ಅದಕ್ಕೆ ಹೊಳಪಿಲ್ಲ, ನಿಮ್ಮ ಹಲ್ಲಿಗೆ ಕೇಡು ಅಷ್ಟೆ. ಸರ ಬೇಕಿದ್ದರೆ ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನಕ್ಕೆ ಹೋಗಿ ಚೌಕಾಸಿ ಮಾಡಿ.

ನಾವು: ಇಲ್ಲಿಗೆ ಬರೋ ಗಿರಾಕಿಗಳು ಹೇಗೆ?

ಸಿಂಪಿ: ಮೂರು ಥರ. ಒಬ್ಬರು ಫೋಟೋ ತೆಗೆದು ನಿಂಬೆಹಣ್ಣು ಮಾತ್ರ ಚೀಪಿ ಎದ್ದು ಹೋಗ್ತಾರೆ. ಇನ್ನೊಬ್ಬರು ‘ಅರ್ಧ ಡಜನ್, ಒನ್ ಬೈ ಟೂ ಮಾಡಿ’ ಅಂತಾರೆ. ಮೂರನೆಯವರು ಮಾತ್ರ ನನಗೆ ಇಷ್ಟ. ಮಂಗಳೂರು ಕಡೆಯೋರು, ಇಲ್ಲಿ ಬ್ಯಾಂಕ್ ಕೆಲಸ. ಮೆನು ನೋಡಿದ್ದೇ ‘ಇದನ್ನು ಒಂದು ಸುಕ್ಕ ಮಾಡಿಕೊಡಿ ಮಾರಾಯ್ರೆ, ಕೊಬ್ಬರಿ ಹುರಿದು’ ಅಂದರು. ಬಾಣಸಿಗ ಮುಖ ಸಿಂಡರಿಸಿದ. ಅವರು ಎದ್ದು ಮರುವಾಯಿ ಪುಂಡಿ ಸಿಗೋ ಹೋಟೆಲ್ ಹುಡುಕಿಕೊಂಡು ಹೋದರು. ಬುದ್ಧಿವಂತರು.

ನಾವು: ಯಾಕೆ, ಹಸಿಯಾಗಿ ತಿನ್ನೋದು ತಪ್ಪೇ?

ಸಿಂಪಿ: ನನ್ನ ಉದ್ಯೋಗ ಏನು ಗೊತ್ತಾ? ನೀರು ಸೋಸೋದು. ನಮ್ಮ ಅಮೆರಿಕದ ದಾಯಾದಿಯೊಂದು ಎಲ್ಲ ಅನುಕೂಲವಾಗಿದ್ದರೆ ದಿನಕ್ಕೆ ನೂರು ಲೀಟರಿಗೂ ಹೆಚ್ಚು ಸೋಸುತ್ತೆ. ಸೋಸಿದ್ದರಲ್ಲಿ ಪಾಚಿ ಬಂದರೆ ಊಟ, ಕಾಯಿಲೆಯ ಕ್ರಿಮಿ ಬಂದರೆ ಅದೂ ಒಳಗೇ ಉಳಿಯುತ್ತೆ. ನನಗೇನೂ ಆಗೋದಿಲ್ಲ, ನಿಮಗಾಗುತ್ತೆ. 1924ರ ಚಳಿಗಾಲದಲ್ಲಿ ನ್ಯೂಯಾರ್ಕ್, ಷಿಕಾಗೊ, ವಾಷಿಂಗ್ಟನ್‌ಗಳಲ್ಲಿ ಚರಂಡಿ ನೀರು ಕುಡಿದ ಸಿಂಪಿ ತಿಂದು 1,500 ಜನಕ್ಕೆ ಟೈಫಾಯ್ಡ್ ಬಂತು, ಸುಮಾರು 150 ಜನ ಸತ್ತರು. ಆಮೇಲೇ ಅವರು ಸಿಂಪಿ ಬೆಳೆಯೋ ನೀರನ್ನು ಪರೀಕ್ಷೆ ಮಾಡೋಕೆ ಹೊರಟದ್ದು. ಈಗ ತಿಳಿದವರು ನಮ್ಮನ್ನು ಒಂದೆರಡು ದಿನ ಶುದ್ಧ ನೀರಿನ ತೊಟ್ಟಿಯಲ್ಲಿ ಉಪವಾಸ ಕೂರಿಸಿ, ಹೊಟ್ಟೆ ತೊಳೆಸಿ ಕಳಿಸ್ತಾರೆ. ನಿಮ್ಮ ಊರಲ್ಲೇ ಚೆಲುವಾಂಬ ವಿಲಾಸದಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಇದೆ, ಆಹಾರ ಕೆಡದ ಹಾಗೆ ಹೇಗೆ ಕಾಪಾಡೋದು ಅಂತ ದೇಶಕ್ಕೆಲ್ಲ ಹೇಳಿಕೊಡುತ್ತೆ. ಆ ಗೋಡೆಯ ಆಚೆ ನಿಂತು ‘ಏನೂ ಮಾಡ್ಬೇಡಿ, ಹಾಗೇ ನುಂಗ್ತೀನಿ’ ಅನ್ನೋ ನಿಮ್ಮ ಎದೆಗಾರಿಕೆಗೆ ನಮಸ್ಕಾರ.

ನಾವು: ಮೈಸೂರು ಸ್ವಚ್ಛ ನಗರ. 2016ರ ಸರ್ವೇಕ್ಷಣೆಯಲ್ಲಿ 73 ಊರುಗಳಿಗೆ ನಾವೇ ಮೊದಲು.

ಸಿಂಪಿ: ಬಹಳ ಸಂತೋಷ. ನಿಮ್ಮ ಬಚ್ಚಲ ನೀರು ಕೊನೆಗೆ ಹೋಗೋದು ಕಾವೇರಿ ಹಿಡಿದು ಪೂರ್ವಕ್ಕೆ. ನಾನು ಇರೋದು ಪಶ್ಚಿಮಕ್ಕೆ. ಅದಕ್ಕೇ ಈ ಸಂದರ್ಶನ ಇಷ್ಟು ಸ್ನೇಹದಿಂದ ನಡೀತಿದೆ. ಕಾವೇರಿಯ ಕಪ್ಪೆಚಿಪ್ಪನ್ನು ಕೂರಿಸಿ ಇದೇ ಪ್ರಶ್ನೆ ಕೇಳಿ ನೋಡಿ, ನಿಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕೋ ಹಾಗಿರಲ್ಲ.

ನಾವು: ಬೆಲೆ ಮಾತ್ರ ಕೈ ಸುಡುತ್ತೆ.

ಸಿಂಪಿ: ಸೊಂಟ ಬಗ್ಗಿಸಿ ತೆಗೆದ ಹೆಂಗಸಿನ ಕೈಗೆ ಸಿಕ್ಕಿದ್ದನ್ನು ಕೇಳಿದರೆ ನಿಮ್ಮ ಕೈ ತಣ್ಣಗಾಗುತ್ತೆ. ನಾವು ಹುಟ್ಟಾ ಶ್ರೀಮಂತರೇನಲ್ಲ. ಲಂಡನ್ನಿನಲ್ಲಿ ಡಿಕನ್ಸ್ ‘ಪಿಕ್‌ವಿಕ್ ಪೇಪರ್ಸ್’ ಬರೆಯೋ ಕಾಲಕ್ಕೆ ಸಿಂಪಿ ಬಡವರ ಕೇರಿಯ ತಿಂಡಿ. ಆಮೇಲೆ ಅವರು ಗೋರಿ ಗೋರಿ ಖಾಲಿ ಮಾಡಿದರು, ಉಳಿದ ನೀರನ್ನು ಕೆಡಿಸಿದರು. ಕಾಣೆಯಾಗೋ ಹೊತ್ತಿಗೆ ನಮಗೆ ಸಾಹುಕಾರರ ತಟ್ಟೆಗೆ ಬಡ್ತಿ ಸಿಕ್ಕಿತು. ಇಲ್ಲೂ ಬಡ್ತಿ ಸಿಗೋ ಲಕ್ಷಣ ಕಾಣ್ತಿದೆ, ಅದೇ ಹೆದರಿಕೆ.

ನಾವು: ಈ ಅಂಗಡಿ ಮೈಸೂರಲ್ಲಿ ನಿಲ್ಲುತ್ತೆ ಅಂತೀರಾ?

ಸಿಂಪಿ: ನನ್ನ ಆಯುಷ್ಯ ಇರೋದೇ ನಿಮ್ಮ ಕ್ಯಾಲೆಂಡರಿನಲ್ಲಿ. ಹೆಸರಲ್ಲಿ ‘ಆರ್’ ಅಕ್ಷರ ಇಲ್ಲದ ತಿಂಗಳಲ್ಲಿ ಸಿಂಪಿ ಮುಟ್ಟಬಾರದು ಅಂತ ಇಂಗ್ಲಿಷಿನವರ ಹಳೇ ಕಟ್ಟಳೆ. ಮೇ, ಜೂನ್, ಜುಲೈ, ಆಗಸ್ಟ್ ಹೋಯಿತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಇಳಿಸೋ ಹಾಗಿಲ್ಲ, ಆಗ ಹೋಟೆಲಿನವರ ಮೀನಿನ ಮೆನುವೇ ಬಡಕಲು. ಅದು ಮುಗಿಯೋದರೊಳಗೆ ನಿಮ್ಮ ಶ್ರಾವಣ. ಅದರ ಬೆನ್ನಿಗೆ ಗೌರಿ ಗಣೇಶ, ನವರಾತ್ರಿ, ಕಾರ್ತೀಕ, ಅಯ್ಯಪ್ಪನ ಮಾಲೆ. ಉಳಿದ ವಾರದಲ್ಲೂ ಸೋಮವಾರ ಶಿವನಿಗೆ, ಗುರುವಾರ ರಾಯರಿಗೆ, ಶುಕ್ರವಾರ ಚಾಮುಂಡಿಗೆ, ಶನಿವಾರ ಆಂಜನೇಯನಿಗೆ. ಅಂಗಡಿ ನಿಲ್ಲುತ್ತೋ ಬಿಡುತ್ತೋ, ಇಷ್ಟು ದೇವರುಗಳು ಕಾಯುತ್ತಿರೋ ಊರಲ್ಲಿ ನನಗೇನು ಭಯ? ಅಂದ ಹಾಗೆ ಐಸಿನ ಮೇಲೆ ಮಲಗಿ ವಾರ ತಪ್ಪಿಹೋಗಿದೆ. ಇವತ್ತು ಯಾವ ವಾರ ಮಾರಾಯ್ರೆ?

ನಾವು: ಭಾನುವಾರ.

ಸಿಂಪಿ ತಕ್ಷಣ ಬಾಯಿ ಮುಚ್ಚಿಕೊಂಡಿತು. ಇನ್ನೂ ನಾಲ್ಕು ಪ್ರಶ್ನೆ ಬಾಕಿ ಇತ್ತು, ಎಷ್ಟು ಕರೆದರೂ ಉತ್ತರವಿಲ್ಲ. ಅಷ್ಟರಲ್ಲಿ ಬಂದ ಬಾಣಸಿಗ ಚಿಪ್ಪಿನ ಮೇಲೆ ಬೆರಳಲ್ಲಿ ತಟ್ಟಿ ನೋಡಿದ. ‘ಎಷ್ಟು ಬಿಗಿಯಾಗಿ ಮುಚ್ಕೊಂಡಿದೆ ನೋಡಿ ಸಾರ್, ಫಸ್ಟ್ ಕ್ಲಾಸ್ ಫ್ರೆಶ್ಶು’ ಅಂತ ಹೇಳಿ ಮೊಂಡು ಚಾಕುವಿಗೆ ಕೈಹಾಕಿದ.