ಪ್ರಕ್ಷಿಪ್ತ ವೈರುಗಳ ಮೇಸ್ತ್ರಿ

ಕರ್ನಾಟಕದ ಯಾವ ತಾಲ್ಲೂಕು ಕೇಂದ್ರದಲ್ಲಾದರೂ ಬಸ್ ನಿಲ್ದಾಣದಿಂದ ಹೊರಟು, ಪಂಕ್ಚರ್ ಅಂಗಡಿಯನ್ನೂ ವೆಲ್ಡಿಂಗ್ ಅಂಗಡಿಯನ್ನೂ ದಾಟಿದರೆ, ಸತ್ತ ಬ್ಯಾಟರಿಗಳನ್ನು ಬಾಗಿಲಲ್ಲಿ ಪೇರಿಸಿಟ್ಟ ಒಂದು ಮಳಿಗೆ ಸಿಗುತ್ತದೆ. ಅದರ ಒಡೆಯನನ್ನು ಮುಖ ನೋಡಿ ಗುರುತಿಸುವವರಿಗಿಂತ ಪಾದ ನೋಡಿ ಗುರುತಿಸುವವರೇ ಹೆಚ್ಚು. ಏಕೆಂದರೆ ಹಗಲಿನ ಬಹುಪಾಲು ಅವನ ಸೊಂಟದ ಮೇಲಿನ ಭಾಗ ಯಾವುದೋ ವಾಹನದ ಡ್ಯಾಶ್‌ಬೋರ್ಡಿನ ಅಡಿಯಲ್ಲಿದ್ದು, ಕಾಲುಗಳಷ್ಟೇ ಬಾಗಿಲಿನಿಂದಾಚೆಗೆ ಲೋಕಕ್ಕೆ ಕಾಣುತ್ತಿರುತ್ತವೆ. ಫಲಕದ ಮೇಲೆ ‘ಆಟೋ ಎಲೆಕ್ಟ್ರಿಕಲ್ ವರ್ಕ್ಸ್’ ಎಂದು ಬರೆಸಿದ್ದರೂ ಊರಿನ ಬಾಯಲ್ಲಿ ಅವನು ವೈರಿಂಗ್ ಮೇಸ್ತ್ರಿ. ಅವನ ಕಸುಬು ಮೇಲ್ನೋಟಕ್ಕೆ ರಿಪೇರಿಯಾದರೂ, ಒಳಹೊಕ್ಕು ನೋಡಿದವರಿಗೆ ಅದು ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ವಿವರಿಸಿದ ವಿದ್ಯೆಯ ದಾಯಾದಿಯಾಗಿ ಕಾಣುತ್ತದೆ: ಹಲವು ಕೈಗಳು ತಿದ್ದಿ, ತುರುಕಿ, ಕತ್ತರಿಸಿ ಕೆಡಿಸಿದ ಪ್ರತಿಯೊಂದನ್ನು ಮುಂದಿಟ್ಟುಕೊಂಡು, ಮೂಲಪಾಠ ಯಾವುದು, ನಡುವೆ ಅನ್ಯರು ಸೇರಿಸಿದ ಪ್ರಕ್ಷಿಪ್ತ ಯಾವುದು ಎಂದು ಬೇರ್ಪಡಿಸುವುದೇ ಎರಡೂ ಕಡೆಯ ಕೆಲಸ.

ಈ ಮೇಸ್ತ್ರಿಯ ಕೈಗೆ ಮತ್ತೆ ಮತ್ತೆ ಬರುವ ಪ್ರತಿಯೆಂದರೆ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ರಸ್ತೆಗಿಳಿದು, ಬಳಿಕ ಓಮ್ನಿಯೆನಿಸಿಕೊಂಡು 2019ರವರೆಗೆ ತಯಾರಾದ, 796 ಸಿ.ಸಿ. ಎಂಜಿನ್ನಿನ ಈ ವಾಹನ ಕಾರ್ಖಾನೆ ಬಿಡುವಾಗ ಅದರ ವೈರಿಂಗ್ ಕಿಟ್, ಎಂದರೆ ಎಲ್ಲ ವೈರುಗಳನ್ನು ಒಟ್ಟಾಗಿ ಸುತ್ತಿದ ಕಟ್ಟು, ಸರಳವೂ ಸುಬೋಧವೂ ಆಗಿರುತ್ತಿತ್ತು. ಕಪ್ಪಿನ ಮೇಲೆ ಬಿಳಿ ಗೆರೆ ಎಂಬಂಥ ಬಣ್ಣಗಳಿಂದ ಒಂದೊಂದು ವೈರಿನ ಕುಲಗೋತ್ರ ತಿಳಿಯುತ್ತದೆ; ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ದೀಪದವರೆಗೆ ಹೋಗಲು ವೈರಿದೆ, ಮರಳಿ ಬರಲು ವಾಹನದ ಕಬ್ಬಿಣದ ಮೈಯೇ ದಾರಿ, ಅದಕ್ಕೆ ಬಾಡಿ ಅರ್ತ್ ಎಂದು ಹೆಸರು. ಆದರೆ ಇಂಥ ವಾಹನ ಒಬ್ಬನ ಮನೆಯಲ್ಲೇ ಮುಪ್ಪಾಗುವುದಿಲ್ಲ. ಮೊದಲ ಮಾಲೀಕ ಸ್ಟೀರಿಯೊ ಹಾಕಿಸುತ್ತಾನೆ. ಎರಡನೆಯವನು ಫಾಗ್ ಲ್ಯಾಂಪನ್ನೂ, ಹಿಂದಕ್ಕೆ ತೆಗೆಯುವಾಗ ಸಿನಿಮಾ ಹಾಡು ನುಡಿಸುವ ರಿವರ್ಸ್ ಹಾರ್ನನ್ನೂ ಸೇರಿಸುತ್ತಾನೆ. ಮೂರನೆಯವನು ಗ್ಯಾಸ್ ಕಿಟ್ ಇರಿಸಿ, ಪೆಟ್ರೋಲಿನಿಂದ ಗ್ಯಾಸಿಗೆ ಹೊರಳಿಸುವ ಸ್ವಿಚ್ಚಿಗಾಗಿ ಡ್ಯಾಶ್‌ಬೋರ್ಡಿಗೆ ತೂತು ಕೊರೆಸುತ್ತಾನೆ. ಶಾಲೆಯ ಮಕ್ಕಳನ್ನು ಸಾಗಿಸುವ ನಾಲ್ಕನೆಯವನು ಗಣಪತಿಯ ಸುತ್ತ ಓಡುವ ಬಣ್ಣದ ದೀಪಗಳ ಪ್ರಭಾವಳಿ ಕಟ್ಟಿಸುತ್ತಾನೆ. ಮಾರುವಾಗ ಪ್ರತಿಯೊಬ್ಬನೂ ತನ್ನ ಸಾಮಾನು ಬಿಚ್ಚಿಕೊಂಡು ಹೋಗುತ್ತಾನೆಯೇ ಹೊರತು ವೈರುಗಳನ್ನಲ್ಲ. ಮನೆ ಖಾಲಿ ಮಾಡಿದವರು ಗೋಡೆಯಲ್ಲಿ ಬಿಟ್ಟ ಮೊಳೆಗಳಂತೆ ಅವು ಅಲ್ಲೇ ಉಳಿಯುತ್ತವೆ. ಮೊಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಡ್ಯಾಶ್‌ಬೋರ್ಡ್ ಬಿಚ್ಚಿದ ಮೇಲೆ ಮೇಸ್ತ್ರಿಯ ಮೊದಲ ಕ್ರಿಯೆ ರಿಪೇರಿಯಲ್ಲ, ಪೂರ್ವಸೂರಿಗಳ ನಿಂದೆ. “ಯಾವ ಪುಣ್ಯಾತ್ಮ ಸಾರ್ ಇದನ್ನ ಮಾಡಿದ್ದು?” ಎಂಬ ಪ್ರಶ್ನೆ ಈ ಶಾಸ್ತ್ರದ ಮಂಗಳಾಚರಣೆ, ಅದಕ್ಕೆ ಉತ್ತರವನ್ನು ಯಾರೂ ನಿರೀಕ್ಷಿಸುವುದಿಲ್ಲವಾದರೂ, ಮಾಲೀಕ ತಲೆ ತಗ್ಗಿಸಿ “ತಗೊಂಡಾಗಲೇ ಹಿಂಗಿತ್ತು” ಎನ್ನದೆ ಕೆಲಸ ಮುಂದುವರಿಯುವಂತಿಲ್ಲ. ಮೇಸ್ತ್ರಿಯ ಪ್ರಕಾರ ಪೂರ್ವಸೂರಿಗಳಲ್ಲಿ ಮೂರು ಪಂಗಡ. ಮೊದಲನೆಯವರು ವೈರನ್ನು ಹಲ್ಲಿನಿಂದ ಸುಲಿದು, ಬೆಸುಗೆ ಹಾಕದೆ ಬರಿದೇ ಹೊಸೆದು ಬಿಟ್ಟವರು. ಎರಡನೆಯವರು ಹೊಸೆದದ್ದರ ಮೇಲೆ ಅಗ್ಗದ ಟೇಪು ಸುತ್ತಿದವರು. ಆ ಟೇಪು ಎರಡು ಬೇಸಿಗೆ ಕಂಡ ಮೇಲೆ ಅಂಟೆಲ್ಲ ಒಸರಿ, ಹಲಸಿನ ಮೇಣದಂತೆ ಬೆರಳಿಗೆ ಹತ್ತುತ್ತದೆಯೇ ಹೊರತು ವೈರಿಗೆ ಅಂಟಿಕೊಂಡಿರುವುದಿಲ್ಲ. ಮೂರನೆಯವರು ಸುಟ್ಟ ಫ್ಯೂಸಿನ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆಯನ್ನು ಮಡಿಚಿಟ್ಟವರು. ಹಲ್ಲಿನಿಂದ ಸುಲಿಯುವ ಅಭ್ಯಾಸ ಮೇಸ್ತ್ರಿಗೂ ಇದೆಯಾದ್ದರಿಂದ ಮೊದಲನೆಯವರ ಮೇಲೆ ಅವನಿಗೆ ಕೊಂಚ ದಯೆ. ಮೂರನೆಯವರಿಗೆ ಅವನ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತವೇ ಇಲ್ಲ.

ಈ ಕೋಪಕ್ಕೆ ಆಧಾರವಿದೆ. ಫ್ಯೂಸ್ ಎಂಬುದು ಗೊತ್ತುಪಡಿಸಿದ ಆಂಪಿಯರ್ ಮೀರಿ ವಿದ್ಯುತ್ ಹರಿದಾಗ ತಾನು ಕರಗಿ ಉಳಿದುದನ್ನು ಕಾಯುವ ಲೋಹದ ಸಣ್ಣ ಎಳೆ. ಚಪ್ಪಟೆ ಫ್ಯೂಸುಗಳಲ್ಲಿ 10 ಆಂಪಿಯರಿನದು ಕೆಂಪು, 15ರದು ನೀಲಿ, 20ರದು ಹಳದಿ, 30ರದು ಹಸಿರು. ಕೆಂಪು ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಕಾರಣ ಹುಡುಕುವ ಬದಲು ಹಸಿರನ್ನು ಸಿಕ್ಕಿಸುವವನು, ನಾಯಿ ಬೊಗಳುತ್ತದೆಂದು ಅದರ ಬಾಯಿ ಕಟ್ಟಿ ಮಲಗುವ ಮನೆಯೊಡೆಯನಿದ್ದಂತೆ. ಆಮೇಲೆ ಫ್ಯೂಸಿನ ಬದಲು ವೈರೇ ಕರಗುತ್ತದೆ. ಹೆಡ್‌ಲೈಟಿನ ಕಥೆಯೂ ಇದೇ. 60 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆದರೆ, ಬೆಳಕಿನ ಆಸೆಗೆ ಹಾಕಿಸಿದ 100 ವ್ಯಾಟಿನದು ಎಂಟಕ್ಕೂ ಹೆಚ್ಚು ಎಳೆಯುತ್ತದೆ. ಎರಡು ಬಲ್ಬು ಸೇರಿ ಸುಮಾರು 17 ಆಂಪಿಯರ್, ಹತ್ತಕ್ಕೆಂದು ಹಾಕಿದ ವೈರು ಮತ್ತು ಸ್ವಿಚ್ಚಿನ ಮೂಲಕ ಹಾಯಬೇಕಾಗುತ್ತದೆ. ಇದಕ್ಕೆ ಪರಿಹಾರ ರಿಲೇ: ಸ್ವಿಚ್ಚಿನಿಂದ ಬಂದ ಅಲ್ಪ ವಿದ್ಯುತ್ತು ಒಳಗಿನ ವಿದ್ಯುದಯಸ್ಕಾಂತವನ್ನು ಎಬ್ಬಿಸಿ, ಬ್ಯಾಟರಿಯಿಂದ ನೇರವಾಗಿ ಬಂದ ದಪ್ಪ ವೈರಿನ ಬಾಗಿಲು ತೆರೆಸುವ ಸಣ್ಣ ಡಬ್ಬಿ. ಅದರ ಕಾಲುಗಳ ಮೇಲಿನ 30, 85, 86, 87 ಎಂಬ ಅಂಕಿಗಳನ್ನು ಮೇಸ್ತ್ರಿ ಕಣ್ಣು ಮುಚ್ಚಿ ಒಪ್ಪಿಸಬಲ್ಲ; 17ರ ಮಗ್ಗಿ ಕೇಳಿದರೆ ಮಾತ್ರ ಟೀ ತರಿಸುತ್ತಾನೆ.

ದೋಷ ಪತ್ತೆಯಲ್ಲಿ ಅವನಿಗೆ ಒಬ್ಬ ಸಹಸಂಪಾದಕನಿರುತ್ತಾನೆ. ಅವನು ಚಾಲಕನ ಸೀಟಿನಲ್ಲಿ ಕುಳಿತ ಹುಡುಗ. ಹಿಂಬದಿಗೆ ಹೋದ ಮೇಸ್ತ್ರಿಯೂ ಮುಂದೆ ಕುಳಿತ ಹುಡುಗನೂ ನಡೆಸುವ ಸಂವಾದ ಉಪನಿಷತ್ತುಗಳಷ್ಟೇ ಸಂಕ್ಷಿಪ್ತವಾದುದು. “ಲೇ, ಬ್ರೇಕ್ ತುಳಿ.” “ತುಳಿದೆ ಅಣ್ಣಾ.” “ಬಿಡು. ತುಳಿ. ಒಳಗೇನು ಬಂತು?” “ಮೀಟರಿನ ಲೈಟು ಬಂತಣ್ಣಾ.” ಬ್ರೇಕ್ ಒತ್ತಿದರೆ ಮೀಟರಿನ ದೀಪ ಮಿಣುಕುವ ಈ ಚೋದ್ಯ ಕಂಡು ಮಾಲೀಕ ಹೊಸ ವೈರಿಂಗ್ ಕಿಟ್ಟಿನ ಬೆಲೆ ವಿಚಾರಿಸಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಫೋನು ಮಾಡುತ್ತಿರುವಾಗ, ಮೇಸ್ತ್ರಿ ಹಿಂದಿನ ದೀಪದ ಬಳಿ ತುಕ್ಕು ಹಿಡಿದ ಒಂದು ಸ್ಕ್ರೂ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ ಮತ್ತೆ ಬಿಗಿಯುತ್ತಾನೆ. ಅರ್ತ್ ಕೆಟ್ಟಿತ್ತು, ಕಾಲುದಾರಿಗೆ ಬೇಲಿ ಹಾಕಿದರೆ ದನಗಳು ಪಕ್ಕದ ಹೊಲಕ್ಕೆ ನುಗ್ಗುವಂತೆ, ಮರಳುವ ದಾರಿ ಕಾಣದ ವಿದ್ಯುತ್ತು ಬೇರೆ ದೀಪಗಳ ಮೂಲಕ ಮನೆ ಸೇರುತ್ತಿತ್ತು. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಇಳಿದು ಹೋಗುವ ಕಾಯಿಲೆಗೆ ಲೆಕ್ಕವೇ ಮದ್ದು. ನಿಂತ ವಾಹನದಲ್ಲಿ ಯಾವುದೋ ಅನಾಥ ವೈರು ಅರ್ಧ ಆಂಪಿಯರ್ ಹೀರುತ್ತಿದ್ದರೂ 35 ಆಂಪಿಯರ್-ಗಂಟೆಯ ಹೊಸ ಬ್ಯಾಟರಿ 70 ಗಂಟೆಯಲ್ಲಿ ಬರಿದಾಗುತ್ತದೆ. ಹಳೆಯ ಬ್ಯಾಟರಿಗೆ ಒಂದೆರಡು ರಾತ್ರಿ ಸಾಕು. ಆದ್ದರಿಂದ ಬ್ಯಾಟರಿಯ ನೆಗೆಟಿವ್ ವೈರು ಕಳಚಿ, ನಡುವೆ ಮೀಟರಿಟ್ಟು, ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಹೋದರೆ, ಯಾವುದನ್ನು ಕಿತ್ತಾಗ ಮೀಟರಿನ ಅಂಕಿ ಇಳಿಯುತ್ತದೆಯೋ ಆ ಸಾಲಿನಲ್ಲೇ ಕಳ್ಳನಿರುತ್ತಾನೆ.

“ಸಂಜೆ ಬನ್ನಿ” ಎಂದದ್ದರ ಮರುದಿನ ಸಂಜೆ, ಮಾಲೀಕನ ಕೈಗೆ ಕೀಲಿಯೊಂದಿಗೆ ಒಂದು ಮೊರದಷ್ಟು ವೈರಿನ ಗೋಜಲೂ ಬರುತ್ತದೆ. ಇಷ್ಟನ್ನು ತೆಗೆದ ಮೇಲೂ ವಾಹನ ಓಡುತ್ತಿದೆ, ಮೊದಲಿಗಿಂತ ಚೆನ್ನಾಗಿ ಓಡುತ್ತಿದೆ ಎಂಬುದೇ ಪ್ರಕ್ಷಿಪ್ತಕ್ಕೆ ಸಾಕ್ಷಿ. ಆದರೂ ಎಲ್ಲಿಂದ ಬಂತೆಂದೂ ಎಲ್ಲಿಗೆ ಹೋಗುತ್ತದೆಂದೂ ತಿಳಿಯದ, ಕತ್ತರಿಸಿದರೆ ಮಾತ್ರ ಎಂಜಿನ್ ನಿಲ್ಲುವ ಹಸಿರು ವೈರೊಂದನ್ನು ಮೇಸ್ತ್ರಿ ಉಳಿಸಿರುತ್ತಾನೆ. ಅರ್ಥವಾಗದ ಪಾಠವನ್ನು ಅರ್ಥವಾಗದೆಂಬ ಕಾರಣಕ್ಕೆ ತಿದ್ದಬಾರದು ಎಂಬ ವಿವೇಕ ಸಂಪಾದಕರೆಲ್ಲರಿಗೂ ಇರುವುದಿಲ್ಲ. ಗೋಜಲನ್ನು ತೆಗೆಯುವಾಗ ಒಮ್ಮೊಮ್ಮೆ ಎರಡು ಸುತ್ತು ಹೊಸೆದು ಹಿಂದಕ್ಕೆ ಮಡಿಚಿದ ಗಂಟೊಂದು ಕಾಣುತ್ತದೆ. ಆ ಗಂಟು ಹಾಕುವವನು ಆ ಊರಿನಲ್ಲಿ ಒಬ್ಬನೇ. ಆಗ ಡ್ಯಾಶ್‌ಬೋರ್ಡಿನ ಅಡಿಯಿಂದ ಬರುತ್ತಿದ್ದ ನಿಂದಾಸ್ತುತಿ ತಟ್ಟನೆ ನಿಂತು, ಸ್ವಲ್ಪ ಹೊತ್ತಿನ ಮೇಲೆ “ಆಗಿನ ಕಾಲಕ್ಕೆ ಇದು ಒಳ್ಳೇ ಕೆಲಸವೇ ಸಾರ್” ಎಂಬ ನಿರ್ಣಯ ಹೊರಬೀಳುತ್ತದೆ.

ಪ್ರಕ್ಷಿಪ್ತ ಸೇರಿಸುವ ಚಾಳಿಗೆ ಈಗಿನ ಮಾಲೀಕನೂ ಹೊರತಾದವನಲ್ಲ. ಹಣ ಎಣಿಸುತ್ತಲೇ ಅವನು “ಒಂದು ರಿವರ್ಸ್ ಕ್ಯಾಮೆರಾ ಹಾಕ್ಬಿಡಿ, ಇದೇ ವೈರಿಂದ ಎಳೆದರಾಯ್ತು” ಎನ್ನುತ್ತಾನೆ; ಹಲವು ಸ್ವರದ ಹಾರ್ನನ್ನೂ ಕೇಳುತ್ತಾನೆ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೆಯ ನಿಯಮ ಅದನ್ನು ನಿಷೇಧಿಸಿದೆಯೆಂದು ಹೇಳಿದರೆ “ಎಲ್ಲರೂ ಹಾಕ್ಸಿದಾರಲ್ಲ” ಎನ್ನುತ್ತಾನೆ. ಮೇಸ್ತ್ರಿ ಬೇಡವೆನ್ನುವುದಿಲ್ಲ, ಅಲ್ಲಿಗೆ ಮುಂದಿನ ಪ್ರಕ್ಷಿಪ್ತಕ್ಕೆ ನಾಂದಿಯಾಯಿತು.

ಓಲೆಗರಿಯ ಲಿಪಿಕಾರರು ಎಷ್ಟೇ ತಪ್ಪು ಬರೆದರೂ, ಕೊನೆಯಲ್ಲಿ ತಮ್ಮ ಹೆಸರು, ಬರೆದು ಮುಗಿಸಿದ ದಿನವನ್ನು ಕಾಣಿಸಿ, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಓದುಗರನ್ನು ಬೇಡುವ ವಾಡಿಕೆಯಿತ್ತು. ಈ ಮೇಸ್ತ್ರಿಯ ವಿದ್ಯೆಯಲ್ಲಿರುವ ಒಂದೇ ಕೊರತೆ ಆ ಕೊನೆಯ ಸಾಲು. ಹೊಸ ವೈರಿನ ತುದಿಗೆ ಬಿಳಿ ಟೇಪಿನ ಒಂದು ಚೂರು ಅಂಟಿಸಿ ‘ಕ್ಯಾಮೆರಾ, 5 ಆಂಪಿಯರ್’ ಎಂದು ಪೆನ್ನಿನಲ್ಲಿ ಬರೆಯಲು ಅರ್ಧ ನಿಮಿಷವೂ ಬೇಡ. ಅದನ್ನು ಹುಡುಕಲು ಮುಂದಿನವನಿಗೆ ಅರ್ಧ ದಿನ ಬೇಕು. ವಾಹನವುಳ್ಳವರು ಹಣ ಕೊಡುವ ಮೊದಲು ಆ ಚೂರು ಟೇಪನ್ನು ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.