ಎರಡು ದಿನದ ಕೆಲಸ

ನಮ್ಮ ಮನೆಯಲ್ಲಿ ಎರಡು ಎಚ್‌ಎಂಟಿಗಳಿವೆ. ಒಂದು ಅಪ್ಪನ ಎಡಗೈಯಲ್ಲಿ, ಇನ್ನೊಂದು ಹುಣಸೆಮರದ ಕೆಳಗೆ. ಕೈಯಲ್ಲಿರುವುದು ಜನತಾ ಗಡಿಯಾರ. ದಿನಾ ಬೆಳಗ್ಗೆ ಕಾಫಿ ಬರುವ ಮೊದಲು ಅಪ್ಪ ಅದಕ್ಕೆ ಕೀ ಕೊಡುತ್ತಾರೆ. ಮರದ ಕೆಳಗಿರುವುದು ಜೀಟರ್ 2511 ಟ್ರ್ಯಾಕ್ಟರು. ಅದಕ್ಕೂ ಕೀ ಕೊಡಬೇಕು. ಆದರೆ ಕೊಟ್ಟ ಮೇಲೆ ತಳ್ಳುವುದಕ್ಕೆ ನಾಲ್ಕು ಜನ ಬೇಕು.

ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಪರರ ದುಡ್ಡು ಎಣಿಸಿ, ನಿವೃತ್ತನಾಗಿ, ಗುಬ್ಬಿಯ ಹತ್ತಿರದ ನಮ್ಮ ಹಳ್ಳಿಗೆ ಬಂದ ಮೊದಲ ದಿನವೇ ನನಗೆ ಹೊಸ ಕೆಲಸ ಸಿಕ್ಕಿತು. ಆ ನಾಲ್ಕು ಜನರಲ್ಲಿ ಒಬ್ಬ ಬೇಸತ್ತು ಬಿಟ್ಟುಹೋಗಿದ್ದ.

"ಅಪ್ಪಾ, ಇದನ್ನ ಕೊಟ್ಟು ಹೊಸಾದು ತರೋಣ" ಎಂದೆ.

"ಗಡಿಯಾರ ನಿಂತೋದ್ರೆ ಕೈ ಬದಲಾಯಿಸ್ತಾರೇನೋ?" ಎಂದರು ಅಪ್ಪ. ಈ ಉಪಮೆ ಎಲ್ಲಿ ಕೂಡುತ್ತದೆ ಎಂದು ಇವತ್ತಿನವರೆಗೂ ನನಗೆ ಹೊಳೆದಿಲ್ಲ. ಎದುರುತ್ತರವೂ ಹೊಳೆಯದ್ದರಿಂದ ಸುಮ್ಮನಾದೆ.

1976ರಲ್ಲಿ ಅಪ್ಪ ಟ್ರ್ಯಾಕ್ಟರನ್ನು ಮನೆಗೆ ತಂದಾಗ ಹೋರಿ ತಂದಷ್ಟೇ ಸಂಭ್ರಮದಲ್ಲಿ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟಿದ್ದರಂತೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಲೇತ್ ಮಾಡಲು ಹುಟ್ಟಿದ ಎಚ್‌ಎಂಟಿ, 1961ರಲ್ಲಿ ಗಡಿಯಾರಕ್ಕೆ ಕೈಹಾಕಿ, 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಕಟ್ಟಲು ನಿಂತಿತು. ವಿದ್ಯೆ ಕಲಿಸಿದವರು ಜೆಕೊಸ್ಲೊವಾಕಿಯದವರು. ಜೀಟರಿನ ತವರು ಬ್ರನೊ ಎಂಬ ಊರು. ಅಲ್ಲಿನ ಮೂಲ ಕಾರ್ಖಾನೆ ಬಂದೂಕಿನದು. ಬ್ರೆನ್ ಗನ್ನಿನ ‘ಬ್ರೆನ್’ ಎಂಬ ಹೆಸರಿನ ಮೊದಲರ್ಧವೂ ಆ ಊರಿನದೇ. ನಮ್ಮ ಗಾಡಿ ಸ್ಟಾರ್ಟ್ ಆಗುವಾಗ ಅರಳಿಮರದ ಕಾಗೆಗಳೆಲ್ಲ ಒಟ್ಟಿಗೆ ಹಾರುವುದು ಈ ವಂಶವಾಹಿನಿಯಿಂದಲೇ ಇರಬೇಕು. ಎರಡು ಸಿಲಿಂಡರು, 95 ಮಿಲಿಮೀಟರ್ ಬೋರು, 110 ಮಿಲಿಮೀಟರ್ ಸ್ಟ್ರೋಕು, ಒಟ್ಟು 1,560 ಸಿಸಿಯ ಆಸುಪಾಸು. ಇಷ್ಟು ದೊಡ್ಡ ಹೊಟ್ಟೆಯಿಂದ ಹೊರಡುವುದು 25 ಕುದುರೆ ಶಕ್ತಿ. ಮಗಳ ಸಣ್ಣ ಕಾರು 1,200 ಸಿಸಿಯಲ್ಲೇ ಅದರ ಮೂರು ಪಟ್ಟು ಕುದುರೆ ಓಡಿಸುತ್ತದೆ. "ಅವು ರೇಸಿನ ಕುದುರೆ. ಇವು ಉಳೋ ಕುದುರೆ" ಎನ್ನುತ್ತಾರೆ ಅಪ್ಪ.

ಗುಬ್ಬಿಯಿಂದ ಮೇಸ್ತ್ರಿ ಬಂದರು. ಬಂದವರು ಗಾಡಿ ಮುಟ್ಟಲಿಲ್ಲ. ತಳ್ಳಿಸಿ, ಸ್ಟಾರ್ಟ್ ಮಾಡಿಸಿ, ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ಹೊಗೆ ನೋಡಿದರು. ಹೊಗೆಯಲ್ಲಿ ಮೂರು ಬಗೆಯಂತೆ. ಕಪ್ಪಗಿದ್ದರೆ ಗಾಳಿ ಸಾಲದು ಇಲ್ಲವೇ ಭಾರ ಹೆಚ್ಚು. ಬೆಳ್ಳಗಿದ್ದರೆ ಡೀಸೆಲ್ ಉರಿಯದೆ ಹೊರಬೀಳುತ್ತಿದೆ. ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆ. ನಮ್ಮದು ಬೆಳಗ್ಗೆ ಬಿಳಿ, ದಿಬ್ಬ ಹತ್ತುವಾಗ ಕಪ್ಪು, ಮಿಕ್ಕ ಹೊತ್ತೆಲ್ಲ ನೀಲಿ.

"ಬೋರು ಹೋಗೈತೆ ಸಾ. ಸಂಪು ಬಿಚ್ಚಿ ನೋಡ್ಬೇಕು" ಎಂದರು ಮೇಸ್ತ್ರಿ.

ಜಗಲಿಯಿಂದ ಅಪ್ಪ ಕೂಗಿದರು: "ಯಾವ ಬೋರೋ? ತೆಂಗಿನ ತೋಟದ್ದಾ? ಮೊನ್ನೆ ತಾನೆ ಮೋಟ್ರು ಎತ್ತಿಸಿದ್ವಲ್ಲೋ!"

ಒಂಬೈನೂರು ಅಡಿ ಕೊರೆದರೂ ಬರೀ ದೂಳೆದ್ದ ಸೀಮೆಯಲ್ಲಿ ಬೋರು ಎಂದರೆ ನೆಲದ ತೂತು, ಸಂಪು ಎಂದರೆ ನೀರಿನ ತೊಟ್ಟಿ. ಇದು ಇಂಜಿನ್ನಿನ ಬೋರು, ಆಯಿಲ್ ನಿಲ್ಲುವ ಸಂಪು ಎಂದು ವಿವರಿಸಿದೆ. "ಎರಡೂ ಒಂದೇ ಬಿಡು. ದುಡ್ಡು ಸುರಿಯೋ ತೂತು" ಎಂದು ಅಪ್ಪ ವ್ಯಾಖ್ಯಾನ ಮುಗಿಸಿದರು.

"ಎಷ್ಟು ದಿನದ ಕೆಲಸ ಮೇಸ್ತ್ರಿ?"

"ಎರಡು ದಿನ ಸಾ."

ಆವತ್ತು ಸಂಕ್ರಾಂತಿಯ ಮಾರನೇ ದಿನ.

ನಮ್ಮ ಗಾಡಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಇಂಜಿನ್ನೇ ಬೆನ್ನುಮೂಳೆ. ಅದನ್ನು ಬಿಚ್ಚುವುದೆಂದರೆ ಟ್ರ್ಯಾಕ್ಟರನ್ನು ಎರಡು ತುಂಡು ಮಾಡುವುದು ಎಂದು ನನಗೆ ಗೊತ್ತಾಗುವಷ್ಟರಲ್ಲಿ ಅದು ಎರಡು ತುಂಡಾಗಿತ್ತು. ಹುಣಸೆಕೊಂಬೆಗೆ ಚೈನ್ ಪುಲ್ಲಿ ಕಟ್ಟಿ ಇಂಜಿನ್ ನೇತುಹಾಕಿದೆವು. ಹಾದಿಯಲ್ಲಿ ಹೋಗುವವರೆಲ್ಲ ನಿಂತು ಸಾವಿನ ಮನೆಗೆ ಬಂದವರ ದನಿಯಲ್ಲಿ "ಏನಾಯ್ತು? ಮೊನ್ನೆವರೆಗೂ ಚೆನ್ನಾಗೇ ಓಡಾಡ್ಕಂಡಿತ್ತಲ್ಲ" ಎಂದು ಕೇಳಿ ಹೋದರು.

ಹೆಡ್ಡುಗಳನ್ನು ತೆಗೆದಾಗ ಮೇಸ್ತ್ರಿ ನನ್ನ ಬೆರಳು ಹಿಡಿದು ಲೈನರಿನ ಒಳಗೆ ಇಳಿಸಿದರು. "ಉಗುರು ತಾಗ್ತದಾ?" ತಾಗಿತು. ಮೇಲ್ಗಡೆ ಒಂದು ಸಣ್ಣ ಮೆಟ್ಟಿಲು. ಪಿಸ್ಟನ್ನಿನ ರಿಂಗು ಮೇಲೆ ಬಂದು ತಿರುಗಿ ಇಳಿಯುವ ಜಾಗವದು. ಬೆಂಕಿಯ ಬಿಸಿ, ಒತ್ತಡ ಎಲ್ಲ ಅಲ್ಲೇ ಹೆಚ್ಚು, ಆಯಿಲ್ ಅಲ್ಲಿಗೇ ಕಡಿಮೆ. ಹಾಗಾಗಿ ಸವೆತವೂ ಅಲ್ಲೇ. ಅಲ್ಲಿಂದ ಮೇಲಕ್ಕೆ ರಿಂಗು ತಾಗದ ಕಬ್ಬಿಣ ಮಾತ್ರ ಹೊಸದರ ಹಾಗೇ ಉಳಿದಿತ್ತು. ನಮ್ಮ ಬ್ಯಾಂಕಿನಲ್ಲೂ ಅಂಥ ಕೆಲವರಿದ್ದರು.

ಆಮೇಲೆ ಕ್ರ್ಯಾಂಕು. ಗ್ರೈಂಡಿಂಗ್ ಮಾಡಿಸಲು ಅದನ್ನು ಗೋಣಿಚೀಲದಲ್ಲಿ ಸುತ್ತಿ ತುಮಕೂರಿನ ಬಸ್ಸು ಹತ್ತಿದೆ. ಕಂಡಕ್ಟರ್ ಕಾಲಲ್ಲಿ ತಳ್ಳಲು ನೋಡಿ, ಕಾಲು ನೋಯಿಸಿಕೊಂಡು, "ಏನ್ರೀ ಇದು?" ಎಂದ.

"ಟ್ರ್ಯಾಕ್ಟರಿನ ಕ್ರ್ಯಾಂಕು."

"ಟ್ರ್ಯಾಕ್ಟರ್ ಇಟ್ಕಂಡು ಬಸ್ಸಲ್ಲಿ ಯಾಕ್ರೀ ಬರ್ತೀರ?"

ತುಮಕೂರಿನಲ್ಲಿ ಎಚ್‌ಎಂಟಿಯ ಗಡಿಯಾರದ ಕಾರ್ಖಾನೆ ಇದ್ದ ಜಾಗ ಈಗ ಇಸ್ರೋ ಪಾಲಾಗಿದೆ. ಗಡಿಯಾರ ಕಂಪನಿ, ಟ್ರ್ಯಾಕ್ಟರ್ ವಿಭಾಗ ಎರಡನ್ನೂ ಮುಚ್ಚುವ ತೀರ್ಮಾನ 2016ರಲ್ಲೇ, ಒಂದೇ ವರ್ಷದಲ್ಲಿ ಆಯಿತು. ಅಪ್ಪನಿಗೆ ಅದನ್ನು ನಾನೇ ಓದಿ ಹೇಳಿದ್ದೆ. ಅವರು ಗಡಿಯಾರ ಬಿಚ್ಚಿ, ಅಂಗಿಯ ಚುಂಗಿನಲ್ಲಿ ಗಾಜು ಒರೆಸಿ, ಮತ್ತೆ ಕಟ್ಟಿಕೊಂಡಿದ್ದರು.

ಕ್ರ್ಯಾಂಕನ್ನು ಸವೆದಷ್ಟು ಉಜ್ಜಿ ನುಣುಪು ಮಾಡುತ್ತಾರೆ, ಅದಕ್ಕೆ ತಕ್ಕಂತೆ ಬೇರಿಂಗ್ ದಪ್ಪನಾಗಬೇಕು. ಲೆಕ್ಕವೆಲ್ಲ ಥೌನಲ್ಲಿ, ಅಂದರೆ ಇಂಚಿನ ಸಾವಿರದ ಒಂದು ಪಾಲು. ಹತ್ತು, ಇಪ್ಪತ್ತು, ಮೂವತ್ತು ಎಂದು ಬೇರಿಂಗ್ ಸೆಟ್ ಸಿಗುತ್ತವೆ. ನಮ್ಮದಕ್ಕೆ ಇಪ್ಪತ್ತು ಬೇಕಿತ್ತು. ಅಂಗಡಿಯಲ್ಲಿದ್ದದ್ದು ಹತ್ತು ಮತ್ತು ಮೂವತ್ತು. ಇಪ್ಪತ್ತು ಬರಲು ಎಷ್ಟು ದಿನವಾಗುತ್ತದೆ ಎಂದೆ. "ಎರಡು ದಿನ" ಎಂದರು. ಪಾರ್ಸೆಲ್ಲು ಪಂಜಾಬಿನಿಂದ ಬರುವಷ್ಟರಲ್ಲಿ ಶಿವರಾತ್ರಿಯ ಜಾಗರಣೆ ಮುಗಿದಿತ್ತು.

ಈ ಮಧ್ಯೆ ನಾನು ವಾಲ್ವ್ ಕೂರಿಸಲು ಕಲಿತೆ. ಸೀಟಿಗೆ ಪೇಸ್ಟ್ ಹಚ್ಚಿ, ವಾಲ್ವಿನ ತಲೆಗೆ ರಬ್ಬರಿನ ಬುಡವಿರುವ ಕೋಲು ಅಂಟಿಸಿ, ಎರಡು ಅಂಗೈ ನಡುವೆ ಅತ್ತಿತ್ತ ಉರುಳಿಸಬೇಕು. ಸುತ್ತ ಒಂದೇ ಸಮನಾದ ಬೂದುಬಣ್ಣದ ಪಟ್ಟಿ ಬಂದರೆ ಕೂತಿತು ಎಂದರ್ಥ. ಮನೆಯಾಕೆ ಬಾಗಿಲಲ್ಲಿ ನಿಂತು ನೋಡಿ, "ಮೂವತ್ತು ವರ್ಷದಲ್ಲಿ ಒಂದು ದಿನ ಕಡಗೋಲು ಮುಟ್ಟಿದವರಲ್ಲ" ಎಂದಳು.

ಆದರೂ ಪಿಸ್ಟನ್ ಬೇಯಿಸಲು ಅವಳು ಇಡ್ಲಿ ಪಾತ್ರೆ ಕೊಡಲಿಲ್ಲ. ಬೇಯಿಸುವುದು ಎಂದರೆ ನಿಜವಾಗಿಯೂ ಬೇಯಿಸುವುದೇ. ಪಿಸ್ಟನ್ ಅಲ್ಯುಮಿನಿಯಮ್ಮಿನದು. ಕುದಿಯುವ ನೀರಿಗೆ ಹಾಕಿದರೆ ಅದರ ತೂತು ಒಂದಿಷ್ಟು ಹಿಗ್ಗಿ, ಸುತ್ತಿಗೆಗೂ ಜಗ್ಗದ ಉಕ್ಕಿನ ಪಿನ್ನು ಬೆರಳಲ್ಲಿ ಒತ್ತಿದರೆ ಒಳಕ್ಕೆ ಜಾರುತ್ತದೆ. ಕೊನೆಗೆ ಬಚ್ಚಲ ಹಂಡೆಯೇ ಗತಿಯಾಯಿತು. ಅದೇ ಹೊತ್ತಿಗೆ ನಾಮಕರಣಕ್ಕೆ ಕರೆಯಲು ಬಂದ ನೆಂಟರು, ಕಾಲು ತೊಳೆಯಲು ಬಚ್ಚಲಿಗೆ ಹೋದವರು, ಹಂಡೆಯಿಂದ ಸೌಟಿನಲ್ಲಿ ಪಿಸ್ಟನ್ ಎತ್ತುತ್ತಿದ್ದ ಮೇಸ್ತ್ರಿಯನ್ನು ಕಂಡು ಕಾಲು ತೊಳೆಯದೇ ಬಂದು ಕೂತರು. ನಮ್ಮ ಮನೆಯ ಕಾಫಿ ಕುಡಿಯುವಾಗಲೂ ಅವರು ಲೋಟದೊಳಗೆ ಇಣುಕಿ ನೋಡಿದ್ದನ್ನು ನಾನು ಗಮನಿಸಿದೆ.

ಇನ್ನು ನಾನು ಮಾಡಿದ ಘನಕಾರ್ಯ. ಲೈನರಿನ ಒಳಗೆ ಬೆಂಕಿ, ಹೊರಮೈ ಸುತ್ತ ನೀರು. ಆ ನೀರು ಕೆಳಗಿನ ಆಯಿಲಿಗೆ ಇಳಿಯದಂತೆ ತಡೆಯುವುದು ಲೈನರಿನ ಬುಡಕ್ಕೆ ತೊಡಿಸಿದ ರಬ್ಬರ್ ರಿಂಗುಗಳು. "ಬಳೆ ತೊಡಿಸ್ದಂಗೆ ಸಾ. ಸೋಪಿನ ನೀರು ಹಚ್ಚಿ ನಯವಾಗಿ ಕೂರಿಸ್ಬೇಕು" ಎಂದು ಹೇಳಿಕೊಟ್ಟು ಮೇಸ್ತ್ರಿ ಬೀಡಿ ಸೇದಲು ಹೋದರು. ಒಂದು ಲೈನರಿಗೆ ಸೋಪು ಹಚ್ಚಿದೆ. ಎರಡನೆಯದಕ್ಕೆ ಮರೆತೆ. ಕೂತಿತಲ್ಲ ಎಂದು ಸಂತೋಷಪಟ್ಟೆ.

ಎಲ್ಲ ಕೂಡಿಸಿದ ಮೇಲೆ ಮೇಸ್ತ್ರಿ ಆಯಿಲ್ ಹಾಕಲಿಲ್ಲ. ರೇಡಿಯೇಟರಿಗೆ ನೀರು ತುಂಬಿ, ಸಂಪಿನ ಬಿರಡೆ ಬಿಚ್ಚಿ, ಕೆಳಗೊಂದು ಬೋಗುಣಿ ಇಟ್ಟು, "ರಾತ್ರಿ ಬಿಡನ" ಎಂದು ಹೊರಟರು. ಅಪ್ಪನಿಗೆ ಎಂಬತ್ತನಾಲ್ಕು. ನಿದ್ದೆ ಕಡಿಮೆ, ಕಿವಿ ಚುರುಕು. ಬೆಳಗಿನ ಜಾವ ನನ್ನನ್ನು ತಟ್ಟಿ ಎಬ್ಬಿಸಿದರು.

"ಮೂರು ನಿಮಿಷಕ್ಕೊಂದು ಹನಿ ಬೀಳ್ತಾ ಐತೆ. ಹನ್ನೊಂದೂವರೆಯಿಂದ ಲೆಕ್ಕ ಹಾಕ್ತಿದೀನಿ."

ಮತ್ತೆ ಹೆಡ್ಡು, ಮತ್ತೆ ಪಿಸ್ಟನ್ನು, ಮತ್ತೆ ಲೈನರು. ರಬ್ಬರಿನ ರಿಂಗು ಒಂದು ಕಡೆ ಇಲಿ ಕಚ್ಚಿದ ಹಾಗೆ ಹರಿದಿತ್ತು. ಮೇಸ್ತ್ರಿ ಅದನ್ನು ನನ್ನ ಮುಂದೆ ಹಿಡಿದರೇ ಹೊರತು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈ ಸಲ ಸೋಪನ್ನು ಅವರೇ ಹಚ್ಚಿದರು, ನನ್ನನ್ನು ಬೀಡಿ ತರಲು ಕಳಿಸಿದರು.

ಯುಗಾದಿಗೆ ನಾಲ್ಕು ದಿನ ಇರುವಾಗ ಡೀಸೆಲ್ ಪೈಪಿನ ನಟ್ಟು ಸಡಿಲಿಸಿ ಏರ್ ತೆಗೆದು, ನೊರೆ ನಿಂತು ಬರೀ ಡೀಸೆಲ್ ಚಿಮ್ಮಿದ ಮೇಲೆ ಬಿಗಿದು, ಬಾನೆಟ್ಟಿಗೆ ಊದುಬತ್ತಿ ಸಿಕ್ಕಿಸಿ ಕೀ ತಿರುಗಿಸಿದೆವು. ತಳ್ಳಲು ನಾವು ನಾಲ್ವರೂ ತೋಳು ಮಡಚಿ ನಿಂತಿದ್ದೆವು. ಬೇಕಾಗಲಿಲ್ಲ. ಒಮ್ಮೆ ಬಿಳಿ ಹೊಗೆ ಉಗುಳಿ ಗಾಡಿ ಹಿಡಿದುಕೊಂಡಿತು. ಆಮೇಲೆ ಹೊಗೆಯೇ ಇಲ್ಲ. ಕಾಗೆಗಳು ಕೂತಲ್ಲೇ ಕೂತಿದ್ದವು. ನಾನು ಹೆಮ್ಮೆಯಿಂದ ಜಗಲಿಯ ಕಡೆ ನೋಡಿದೆ.

ಅಪ್ಪ ಕೋಲೂರಿಕೊಂಡು ಬಂದು, ಇಂಜಿನ್ನಿನ ಕಡೆ ಕಿವಿಯಿಟ್ಟು, ಬಹಳ ಹೊತ್ತು ನಿಂತರು.

"ಶಬ್ದ ಬೇರೆ ಆಗೋಯ್ತಲ್ಲೋ. ಇದು ನಮ್ಮ ಗಾಡಿ ಅಲ್ಲ."

ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದರು. "ಯೋಚ್ನೆ ಮಾಡ್ಬ್ಯಾಡಿ ಯಜಮಾನ್ರೆ. ಒಂದು ಐದು ಸಾವಿರ ಗಂಟೆ ಓಡ್ಲಿ, ಹಳೇ ಸೌಂಡು ತಾನೇ ಬತ್ತದೆ."

ಅಪ್ಪ ಸಮಾಧಾನದಿಂದ ತಲೆಯಾಡಿಸಿ, ಎಡಗೈ ಎತ್ತಿ ಹೊತ್ತು ನೋಡಿಕೊಂಡರು.